ದರ್ಶನ, ಫಲಕ, ಅನುವಾದ: ಜೋಸೆಫ್ ಸ್ಮಿತ್‌ನ ಪ್ರತಿಪಾದನೆಗಳು ಮತ್ತು ಮಾರ್ಮನ್ ಧರ್ಮಗ್ರಂಥ

ಧರ್ಮಸಂಸ್ಥಾಪಕರ ದರ್ಶನಾನುಭವಗಳನ್ನು ವಿಮರ್ಶೆಗೆ ಒಳಪಡಿಸಲು ಹೊರಟ ವಿದ್ವಾಂಸರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕು ಸಮಕಾಲೀನ ಆಧಾರಗಳ ಅಭಾವ. ಪ್ರಾಚೀನ ಧರ್ಮಗಳ ಮೂಲಪುರುಷರಿಗೂ ಅವರ ಬಗೆಗಿನ ಮೊದಲ ಬರಹಗಳಿಗೂ ನಡುವೆ ದಶಕಗಳ, ಕೆಲವೊಮ್ಮೆ ಶತಮಾನಗಳ ಅಂತರವಿರುತ್ತದೆ. ಮಾರ್ಮನ್ ಮತದ ಸ್ಥಾಪಕ ಜೋಸೆಫ್ ಸ್ಮಿತ್‌ನ ಸಂದರ್ಭದಲ್ಲಿ ತೊಡಕು ಇದಕ್ಕೆ ತದ್ವಿರುದ್ಧವಾದುದು. 1805ರ ಡಿಸೆಂಬರ್ 23ರಂದು ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಹುಟ್ಟಿ, 1844ರ ಜೂನ್ 27ರಂದು ಇಲಿನಾಯ್ ಪ್ರಾಂತದ ಕಾರ್ಥೇಜ್ ಸೆರೆಮನೆಯಲ್ಲಿ ಗುಂಪಿನ ಗುಂಡಿಗೆ ಬಲಿಯಾದ ಈತ ಮುದ್ರಣಯಂತ್ರ, ವೃತ್ತಪತ್ರಿಕೆ, ನ್ಯಾಯಾಲಯದ ದಾಖಲೆಗಳ ಯುಗದಲ್ಲಿ ಬದುಕಿದವನು. ಆತನ ದಿನಚರಿ, ಪತ್ರ, ಉಕ್ತಲೇಖನ, ವಿರೋಧಿಗಳ ಹೇಳಿಕೆ ಎಲ್ಲವೂ ಉಳಿದಿವೆ. ಒಂದು ಮತವು ತನ್ನ ಶ್ರುತಿಯನ್ನು ರೂಪಿಸಿಕೊಂಡ ಬಗೆಯನ್ನು ವರ್ಷ ವರ್ಷವಾಗಿ ಹಿಂಬಾಲಿಸಿ ನೋಡುವ ಅವಕಾಶ ಇಲ್ಲಿರುವಷ್ಟು ಬೇರೆ ಕಡೆ ವಿರಳ.

ಈ ಮತದ ಪ್ರಧಾನ ಶಾಖೆಯ ಧರ್ಮಪ್ರಚಾರ ಕೇಂದ್ರವೊಂದು 1993ರಿಂದ ಬೆಂಗಳೂರಿನಲ್ಲಿದೆ. ಭಾರತದ ತನ್ನ ಮೊದಲ ದೇವಾಲಯವನ್ನು ಅದೇ ನಗರದಲ್ಲಿ ಕಟ್ಟುವುದಾಗಿ ಸಭೆಯು 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಗೆ ಸಮಾನವಾದ ಕಾರ್ಯವನ್ನು ನಡೆಸಿತು. ಆದರೂ ಕನ್ನಡದಲ್ಲಿ ಈ ಮತದ ಆಧಾರಗ್ರಂಥಗಳನ್ನು ಕುರಿತ ಚರ್ಚೆ ಅತ್ಯಲ್ಪ.

ಸ್ಮಿತ್‌ನ ಪ್ರತಿಪಾದನೆಗಳನ್ನು ಆತನ ಭಕ್ತರೂ ವಿರೋಧಿಗಳೂ ಒಂದೇ ಗಂಟಾಗಿ ಕಟ್ಟಿ ನೋಡಿದ್ದಾರೆ. ಆತ ಕಂಡದ್ದು ನಿಜವಾದರೆ ಗ್ರಂಥವೂ ನಿಜ, ಗ್ರಂಥ ಹುಸಿಯಾದರೆ ದರ್ಶನವೂ ಹುಸಿ ಎಂಬ ತರ್ಕ ಎರಡೂ ಪಕ್ಷಗಳಿಗೆ ಒಪ್ಪಿಗೆಯಾದದ್ದು. ವಿಮರ್ಶೆಯ ಕೆಲಸ ಈ ಗಂಟನ್ನು ಬಿಚ್ಚುವುದರಿಂದ ಆರಂಭವಾಗಬೇಕು. ಹದಿಹರೆಯದ ಹುಡುಗನೊಬ್ಬ ಕಾಡಿನಲ್ಲಿ ಒಬ್ಬನೇ ಪ್ರಾರ್ಥಿಸುವಾಗ ಬೆಳಕು ಕಂಡನೆಂಬುದು ಇತರರ ಪರೀಕ್ಷೆಗೆ ನಿಲುಕದ ಮಾತು. ಆತನ ಬಳಿ ಚಿನ್ನದ ಫಲಕಗಳಿದ್ದವು ಎಂಬುದು ತಾತ್ತ್ವಿಕವಾಗಿ ಪರೀಕ್ಷೆಗೆ ಒಳಪಡಬಹುದಾದ, ಆದರೆ ಫಲಕಗಳು ಈಗ ಇಲ್ಲದ್ದರಿಂದ ಪರೀಕ್ಷೆಯನ್ನು ತಪ್ಪಿಸಿಕೊಂಡ ಮಾತು. ಪ್ರಾಚೀನ ಲಿಪಿಯೊಂದರಲ್ಲಿದ್ದ ಬರಹವನ್ನು ಆತ ಇಂಗ್ಲಿಷಿಗೆ ಅನುವಾದಿಸಿದನೆಂಬುದು ಮೂಲವು ದೊರೆತರೆ ನೇರವಾಗಿ ತಾಳೆ ನೋಡಬಹುದಾದ ಮಾತು. ಆತನ ಕಾಲದಿಂದ ನೂರಿಪ್ಪತ್ತು ವರ್ಷಗಳ ಬಳಿಕ ಅಂಥ ಮೂಲವೊಂದು ದೊರೆತದ್ದರಿಂದಲೇ ಇಡೀ ಚರ್ಚೆಯ ಸ್ವರೂಪ ಬದಲಾಯಿತು.

ಸ್ಮಿತ್ ಬೆಳೆದ ನ್ಯೂಯಾರ್ಕ್ ಪ್ರಾಂತದ ಪಶ್ಚಿಮ ಭಾಗವು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಧಾರ್ಮಿಕ ಪುನರುಜ್ಜೀವನದ ಕಾವಿನಲ್ಲಿ ಬೇಯುತ್ತಿದ್ದ ಪ್ರದೇಶ. ಪಾಲ್ಮೈರಾ ಎಂಬ ಊರಿನ ಆಸುಪಾಸಿನಲ್ಲಿ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಬ್ಯಾಪ್ಟಿಸ್ಟ್ ಪಂಥಗಳ ಬೋಧಕರು ಒಂದೇ ಜನವನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತಿದ್ದರು. ಕ್ರಿಸ್ತನನ್ನು ಬೆಳಕಿನ ನಡುವೆ ಕಂಡೆನೆಂದು ಹೇಳಿಕೊಂಡವರಲ್ಲಿ ಸ್ಮಿತ್ ಮೊದಲಿಗನಲ್ಲ. ನಾರಿಸ್ ಸ್ಟರ್ನ್ಸ್ 1815ರಲ್ಲಿಯೂ ಎಲಾಯಸ್ ಸ್ಮಿತ್ 1816ರಲ್ಲಿಯೂ ಇಂಥ ಅನುಭವಗಳನ್ನು ಮುದ್ರಿಸಿ ಹಂಚಿದ್ದರು. ಇದರ ಜೊತೆಗೇ ಆ ಸೀಮೆಯ ಬಡ ರೈತರಲ್ಲಿ ಹೂತಿಟ್ಟ ನಿಧಿಯನ್ನು ಮಂತ್ರಶಕ್ತಿಯಿಂದ ಹುಡುಕುವ ಗೀಳೂ ಇದ್ದಿತು. ಟೋಪಿಯೊಳಗೆ ಒಂದು ಕಲ್ಲನ್ನಿಟ್ಟು, ಮುಖವನ್ನು ಅದರಲ್ಲಿ ಹುದುಗಿಸಿ, ಕತ್ತಲಲ್ಲಿ ಕಾಣುವುದನ್ನು ಹೇಳುವುದು ಅದರ ಒಂದು ವಿಧಾನ. ಅಂಜನ ಹಾಕಿ ನಿಧಿ ನೋಡುವವರ ಕತೆಗಳನ್ನು ಕೇಳಿ ಬಲ್ಲ ಕನ್ನಡ ಓದುಗರಿಗೆ ಇದು ತೀರ ವಿಚಿತ್ರವೆನಿಸಲಾರದು. ಸ್ಮಿತ್‌ನು ಈ ವೃತ್ತಿಯಲ್ಲಿ ಹೆಸರು ಮಾಡಿದ್ದನು. 1826ರ ಮಾರ್ಚ್‌ನಲ್ಲಿ ಸೌತ್ ಬೇನ್‌ಬ್ರಿಜ್‌ನ ನ್ಯಾಯಾಧಿಕಾರಿಯ ಮುಂದೆ ಆತನನ್ನು ಇದೇ ಆಪಾದನೆಯ ಮೇಲೆ ನಿಲ್ಲಿಸಲಾಗಿತ್ತು. ಈ ವಿಚಾರಣೆಯೇ ಕಟ್ಟುಕತೆಯೆಂದು ಸಭೆಯ ಸಮರ್ಥಕರು ಬಹುಕಾಲ ವಾದಿಸಿದರು. ಆ ಅಧಿಕಾರಿಯ ಶುಲ್ಕದ ಚೀಟಿ 1971ರಲ್ಲಿ ವೆಸ್ಲಿ ವಾಲ್ಟರ್ಸ್ ಅವರ ಕೈಗೆ ಸಿಕ್ಕ ಮೇಲೆ ಆ ವಾದ ನಿಂತಿತು. ಚೀಟಿಯಲ್ಲಿ ಸ್ಮಿತ್‌ನನ್ನು ಗುರುತಿಸಿರುವುದು ಕಲ್ಲು ನೋಡಿ ಹೇಳುವವನೆಂದೇ.

ಮೊದಲ ದರ್ಶನದ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಮಾರ್ಮನ್ ಸಭೆಯು ಇಂದು ಅಧಿಕೃತವೆಂದು ಓದುವ ನಿರೂಪಣೆ 1838ರಲ್ಲಿ ಆರಂಭವಾಗಿ 1839ರಲ್ಲಿ ಪ್ರತಿಯಾಗಿ, 1842ರಲ್ಲಿ ಮುದ್ರಣಗೊಂಡು, 1880ರಲ್ಲಿ ಧರ್ಮಗ್ರಂಥದ ಸ್ಥಾನ ಪಡೆದದ್ದು. ಅದರ ಪ್ರಕಾರ 1820ರ ವಸಂತದಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಪಂಥಗಳ ಕಲಹದಿಂದ ಗೊಂದಲಗೊಂಡ ಹುಡುಗ ಯಾವ ಪಂಥವನ್ನು ಸೇರಬೇಕೆಂದು ಕೇಳಲು ತೋಪಿಗೆ ಹೋಗುತ್ತಾನೆ. ತಂದೆಯೂ ಮಗನೂ ಆದ ಇಬ್ಬರು ದಿವ್ಯಪುರುಷರು ಪ್ರತ್ಯಕ್ಷರಾಗಿ, ಯಾವುದನ್ನೂ ಸೇರಬೇಡ, ಎಲ್ಲವೂ ತಪ್ಪು ಎನ್ನುತ್ತಾರೆ. ಎಲ್ಲ ಪಂಥಗಳೂ ತಪ್ಪಿರಬಹುದೆಂಬ ಯೋಚನೆ ಅದುವರೆಗೆ ತನಗೆ ಬಂದೇ ಇರಲಿಲ್ಲವೆಂದು ಸ್ಮಿತ್ ಅಲ್ಲಿ ಹೇಳುತ್ತಾನೆ.

ಇದಕ್ಕಿಂತ ಆರು ವರ್ಷ ಹಿಂದೆ, 1832ರಲ್ಲಿ, ಸ್ಮಿತ್ ಬರೆದಿಟ್ಟ ನಿರೂಪಣೆಯೊಂದಿದೆ. ದರ್ಶನದ ಭಾಗವು ಆತನ ಸ್ವಹಸ್ತಾಕ್ಷರದಲ್ಲಿಯೇ ಇರುವ ಏಕೈಕ ಪಾಠವಿದು. ಇಲ್ಲಿ ಹನ್ನೆರಡರ ವಯಸ್ಸಿನಿಂದಲೇ ತನ್ನ ಆತ್ಮದ ಗತಿಯನ್ನು ಚಿಂತಿಸುತ್ತಿದ್ದ ಹುಡುಗ, ಶಾಸ್ತ್ರವನ್ನು ಓದಿ, ಲೋಕದ ಯಾವ ಪಂಥವೂ ಮೂಲ ಸುವಾರ್ತೆಯ ಮೇಲೆ ನಿಂತಿಲ್ಲವೆಂಬ ತೀರ್ಮಾನಕ್ಕೆ ತಾನಾಗಿಯೇ ಬಂದಿದ್ದಾನೆ. ಆತನ ಪ್ರಾರ್ಥನೆ ಕ್ಷಮೆಗಾಗಿ. ಆತನಿಗೆ ದೊರೆಯುವುದೂ ಪಾಪಗಳು ಕ್ಷಮಿಸಲ್ಪಟ್ಟವೆಂಬ ಅಭಯ. ಪ್ರತ್ಯಕ್ಷನಾಗುವವನು ಶಿಲುಬೆಗೇರಿದ ಕರ್ತನೊಬ್ಬನೇ. ವಯಸ್ಸು ಹದಿನಾರನೆಯ ವರ್ಷವೆಂದಿದೆ. 1835ರ ನವೆಂಬರ್ 9ರಂದು, ತನ್ನನ್ನು ಜೋಶುವಾ ಎಂದು ಕರೆದುಕೊಂಡು ಬಂದ ಒಬ್ಬ ಅತಿಥಿಗೆ ಸ್ಮಿತ್ ಹೇಳಿದ ಮೂರನೆಯ ರೂಪವು ದಿನಚರಿಯಲ್ಲಿ ದಾಖಲಾಗಿದೆ: ಬೆಂಕಿಯ ಕಂಬದೊಳಗೆ ಒಬ್ಬ ಪುರುಷ, ಸ್ವಲ್ಪ ಹೊತ್ತಿನಲ್ಲಿ ಅವನಂತೆಯೇ ಇರುವ ಇನ್ನೊಬ್ಬ, ಜೊತೆಗೆ ಅನೇಕ ದೇವದೂತರು. ದೂತರ ಸಮೂಹ 1832ರಲ್ಲಿಯೂ ಇಲ್ಲ, 1838ರಲ್ಲಿಯೂ ಇಲ್ಲ.

ಕುತೂಹಲದ ಸಂಗತಿಯೆಂದರೆ, ಸಭೆಯ ಎರಡನೆಯ ಸ್ಥಾನದಲ್ಲಿದ್ದ ಆಲಿವರ್ ಕೌಡರಿಯು 1834-35ರಲ್ಲಿ ಸಭೆಯ ಪತ್ರಿಕೆಯಲ್ಲಿ ಸ್ಮಿತ್‌ನ ಸಹಕಾರದೊಂದಿಗೆ ಪ್ರಕಟಿಸಿದ ಮತದ ಮೊದಲ ಇತಿಹಾಸದಲ್ಲಿ ಈ ದರ್ಶನವೇ ಕಾಣಿಸುವುದಿಲ್ಲ. ಅವನು ಧಾರ್ಮಿಕ ಉದ್ವೇಗವನ್ನು ಮೊದಲು ಸ್ಮಿತ್‌ನ ಹದಿನೈದನೆಯ ವರ್ಷಕ್ಕೆ ಇಟ್ಟು, ಮುಂದಿನ ಕಂತಿನಲ್ಲಿ ಹದಿನೇಳನೆಯ ವರ್ಷವೆಂದು ತಿದ್ದಿ, ಅಲ್ಲಿಂದ ನೇರವಾಗಿ 1823ರ ದೇವದೂತನ ಭೇಟಿಗೆ ಜಿಗಿಯುತ್ತಾನೆ. ಮತದ ಇಂದಿನ ಬೋಧನೆಯಲ್ಲಿ ತಳಪಾಯವೆನಿಸಿದ ಘಟನೆ, ಮತವು ಹುಟ್ಟಿದ ಮೊದಲ ದಶಕದಲ್ಲಿ ಅದರ ಅನುಯಾಯಿಗಳಿಗೆ ಬಹುತೇಕ ತಿಳಿದೇ ಇರಲಿಲ್ಲ.

ಈ ಪಾಠಭೇದಗಳನ್ನು ಹೇಗೆ ಓದಬೇಕು? ನ್ಯಾಯಾಲಯದ ಪಾಟೀಸವಾಲಿನಂತೆ ಓದಿ, ಹೇಳಿಕೆ ಬದಲಾಯಿತು, ಆದ್ದರಿಂದ ಸಾಕ್ಷಿ ಸುಳ್ಳುಗಾರ ಎನ್ನುವುದು ಸುಲಭದ ಮಾರ್ಗ. ಫಾನ್ ಬ್ರೋಡಿಯವರ 1945ರ ಜೀವನಚರಿತ್ರೆ, 1832ರ ಪಾಠ ಇನ್ನೂ ಬೆಳಕಿಗೆ ಬಾರದಿದ್ದಾಗಲೇ, ಬಹುಮಟ್ಟಿಗೆ ಈ ಮಾರ್ಗವನ್ನು ಹಿಡಿದಿತ್ತು. ದಾಖಲೆಗಳ ಮೇಲೆ ಅದ್ಭುತ ಹಿಡಿತವಿದ್ದರೂ ಸ್ಮಿತ್‌ನ ಮನಸ್ಸಿನೊಳಗೆ ನಡೆದದ್ದನ್ನು ಕಂಡವರಂತೆ ಬರೆಯುವುದು ಆ ಕೃತಿಯ ದೌರ್ಬಲ್ಯ. ನೆನಪು ಕಾಲಕಾಲಕ್ಕೆ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಕೇಳುವವರಿಗೆ ತಕ್ಕಂತೆ ಒತ್ತು ಬದಲಾಗುತ್ತದೆ ಎಂಬ ಸಮರ್ಥಕರ ಉತ್ತರದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ಉತ್ತರ ಎಲ್ಲವನ್ನೂ ವಿವರಿಸುವುದಿಲ್ಲ. ಪಂಥಗಳೆಲ್ಲ ತಪ್ಪೆಂದು ತಾನೇ ಕಂಡುಕೊಂಡೆ ಎಂಬುದಕ್ಕೂ, ಆ ಯೋಚನೆ ಬಂದೇ ಇರಲಿಲ್ಲ ಎಂಬುದಕ್ಕೂ ಇರುವುದು ಒತ್ತಿನ ವ್ಯತ್ಯಾಸವಲ್ಲ. ಇವೆರಡರ ನಡುವೆ ಏನು ನಡೆಯಿತೆಂಬುದನ್ನು ಇತಿಹಾಸ ಹೇಳುತ್ತದೆ. 1837ರಲ್ಲಿ ಓಹಾಯೋದ ಕರ್ಟ್‌ಲೆಂಡಿನಲ್ಲಿ ಸ್ಮಿತ್ ಸ್ಥಾಪಿಸಿದ ಬ್ಯಾಂಕು ಮುರಿದುಬಿತ್ತು. ಅನೇಕ ಹಿರಿಯ ಅನುಯಾಯಿಗಳು ತಿರುಗಿಬಿದ್ದರು. 1838ರ ಏಪ್ರಿಲ್‌ನಲ್ಲಿ ಕೌಡರಿಯೇ ಬಹಿಷ್ಕೃತನಾದ. ಅಧಿಕಾರ ಅಲುಗಾಡುತ್ತಿದ್ದ ಆ ತಿಂಗಳುಗಳಲ್ಲಿ ಬರೆಯಿಸಿದ ಚರಿತ್ರೆಯಲ್ಲಿ, ಪಾಪಿಯೊಬ್ಬನಿಗೆ ಸಿಕ್ಕ ಕ್ಷಮೆ ಹಿಂದಕ್ಕೆ ಸರಿದು, ಪ್ರವಾದಿಯೊಬ್ಬನಿಗೆ ಸಿಕ್ಕ ಆದೇಶ ಮುಂದಕ್ಕೆ ಬಂದಿದೆ. ದೇವರ ಸ್ವರೂಪವನ್ನು ಕುರಿತ ಸ್ಮಿತ್‌ನ ಬೋಧನೆಯೂ ಇದೇ ಅವಧಿಯಲ್ಲಿ ಬದಲಾಗುತ್ತಿತ್ತು. ಮಾರ್ಮನ್ ಗ್ರಂಥದ 1830ರ ಮುದ್ರಣದಲ್ಲಿ ಮರಿಯಳನ್ನು ದೇವರ ತಾಯಿ ಎಂದು ಹೇಳಿದ ಕಡೆ 1837ರ ಮುದ್ರಣ ದೇವಪುತ್ರನ ತಾಯಿ ಎಂದು ತಿದ್ದುತ್ತದೆ. ತಂದೆ ಮತ್ತು ಮಗ ಬೇರೆ ಬೇರೆ ವ್ಯಕ್ತಿಗಳೆಂಬ ನಿಲುವು ಗಟ್ಟಿಯಾದಂತೆ, ದರ್ಶನದಲ್ಲಿಯೂ ಒಬ್ಬನಿದ್ದ ಕಡೆ ಇಬ್ಬರು ನಿಂತರು. 1832ರ ಪಾಠದ ಒಂದು ವಾಕ್ಯದಲ್ಲಿ ಕರ್ತನೆಂಬ ಪದ ಎರಡು ಸಲ ಬಂದಿರುವುದರಿಂದ ಅಲ್ಲಿಯೂ ಇಬ್ಬರಿದ್ದಾರೆಂದು ಕೆಲವು ವಿದ್ವಾಂಸರು ಅರ್ಥೈಸುತ್ತಾರೆ. ಮುಂದಿನ ಪಾಠ ಗೊತ್ತಿಲ್ಲದ ಯಾವ ಓದುಗನೂ ಹಾಗೆ ಓದಲಾರ.

1820ರಲ್ಲಿ ಪಾಲ್ಮೈರಾದಲ್ಲಿ ದೊಡ್ಡ ಪುನರುಜ್ಜೀವನ ನಡೆಯಲೇ ಇಲ್ಲ, ಸದಸ್ಯರ ಸಂಖ್ಯೆ ಏರಿದ್ದು 1824-25ರಲ್ಲಿ ಎಂದು ವಾಲ್ಟರ್ಸ್ 1967ರಲ್ಲಿ ಚರ್ಚುಗಳ ದಾಖಲೆಯಿಂದ ತೋರಿಸಿದರು. ಸುತ್ತಲಿನ ವಿಶಾಲ ಪ್ರದೇಶದಲ್ಲಿ 1819-20ರಲ್ಲಿಯೇ ಉತ್ಸಾಹವಿತ್ತೆಂದು ಮಿಲ್ಟನ್ ಬ್ಯಾಕ್‌ಮನ್ ಉತ್ತರಿಸಿದರು. ಈ ವಿವಾದ ದೀರ್ಘವಾದರೂ ಅದರಿಂದ ತೀರ್ಮಾನವಾಗುವುದು ಕಾಲಗಣನೆಯಷ್ಟೇ. ಅದಕ್ಕಿಂತ ಗಂಭೀರವಾದುದು 1832ರ ಪಾಠದ ಸ್ವಂತ ಚರಿತ್ರೆ. ಅದು ವಿದ್ವಾಂಸರ ಕೈಗೆ ಬಂದದ್ದು 1965ರಲ್ಲಿ, ಒಂದು ಸಂಶೋಧನ ಪ್ರಬಂಧದ ಅನುಬಂಧವಾಗಿ. ಆ ಹಾಳೆಗಳನ್ನು ಒಂದು ಕಾಲದಲ್ಲಿ ಮೂಲ ಪುಸ್ತಕದಿಂದ ಕತ್ತರಿಸಿ ತೆಗೆದು ಮತ್ತೆ ಅಂಟಿಸಿರುವುದು ಹಸ್ತಪ್ರತಿಯನ್ನು ನೋಡಿದರೇ ತಿಳಿಯುತ್ತದೆ. ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಭಕ್ತರು ತಮ್ಮ ಪ್ರವಾದಿಯ ಸ್ವಹಸ್ತದ ಮಾತನ್ನು ಓದಲಾರದೆ ಉಳಿದರು. ಸಂಸ್ಥೆಯೊಂದು ತನ್ನ ಅತಿ ಪ್ರಾಚೀನ ಸಾಕ್ಷಿಯನ್ನು ಹೀಗೆ ನಡೆಸಿಕೊಂಡಾಗ, ಆ ಸಾಕ್ಷಿಯು ಏನು ಹೇಳುತ್ತದೆಂಬ ಪ್ರಶ್ನೆಯ ಜೊತೆಗೆ ಅದನ್ನು ಏಕೆ ಮುಚ್ಚಿಡಲಾಯಿತೆಂಬ ಪ್ರಶ್ನೆಯೂ ಸಂಶೋಧನೆಯ ವಿಷಯವಾಗುತ್ತದೆ.

ಫಲಕಗಳ ಸಂಗತಿಗೆ ಬಂದರೆ ನೆಲೆ ಬದಲಾಗುತ್ತದೆ. 1823ರ ಸೆಪ್ಟೆಂಬರ್ 21ರ ರಾತ್ರಿ ಮೊರೋನಿ ಎಂಬ ದೇವದೂತ ಬಂದು ಗುಡ್ಡವೊಂದರಲ್ಲಿ ಹೂತಿರುವ ಚಿನ್ನದ ಫಲಕಗಳ ಸುಳಿವು ಕೊಟ್ಟನು. 1827ರ ಸೆಪ್ಟೆಂಬರ್ 22ರಂದು ಅವು ಸ್ಮಿತ್‌ನ ವಶಕ್ಕೆ ಬಂದವು. ಅನುವಾದ ಮುಗಿದ ಬಳಿಕ ದೇವದೂತನಿಗೆ ಮರಳಿಸಲಾಯಿತು. (ಅಧಿಕೃತ ಚರಿತ್ರೆಯ ಹಸ್ತಪ್ರತಿಯೂ ಅದರ 1842ರ ಮುದ್ರಣವೂ ದೇವದೂತನ ಹೆಸರನ್ನು ನೀಫೈ ಎಂದು ಕೊಡುತ್ತವೆ, ಇದು ಲಿಪಿಕಾರನ ಪ್ರಮಾದವಿರಬಹುದು, ಇದರ ಮೇಲೆ ಹೆಚ್ಚು ಭಾರ ಹೊರಿಸುವಂತಿಲ್ಲ.) ಫಲಕಗಳನ್ನು ಕಂಡೆವೆಂದು ಮೂವರ, ಬಳಿಕ ಎಂಟು ಮಂದಿಯ ಸಹಿಯುಳ್ಳ ಎರಡು ಹೇಳಿಕೆಗಳು ಗ್ರಂಥದಲ್ಲಿ ಅಚ್ಚಾಗಿವೆ. ಮೂವರಿಗೆ ಅದು ದೇವದೂತನು ತೋರಿದ ದರ್ಶನ. ಎಂಟು ಮಂದಿಯೆಲ್ಲರೂ ಸ್ಮಿತ್ ಮತ್ತು ವಿಟ್ಮರ್ ಕುಟುಂಬಗಳಿಗೆ, ಅವುಗಳ ಅಳಿಯತನದ ಬಳಗಕ್ಕೆ ಸೇರಿದವರು. ಸಾಕ್ಷಿಗಳನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಮೂವರೂ ಮುಂದೆ ಸ್ಮಿತ್‌ನೊಡನೆ ಜಗಳವಾಡಿ ಸಭೆಯಿಂದ ಹೊರಬಿದ್ದರು, ಆದರೂ ತಮ್ಮ ಸಾಕ್ಷ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಆನ್ ಟೇವ್ಸ್ 2016ರ ತಮ್ಮ ಕೃತಿಯಲ್ಲಿ, ಸ್ಮಿತ್ ವಂಚಕನೂ ಅಲ್ಲ, ಪ್ರಾಚೀನ ಫಲಕಗಳೂ ಇರಲಿಲ್ಲ. ದರ್ಶನದಲ್ಲಿ ಕಂಡದ್ದಕ್ಕೆ ಆತನೇ ಭೌತಿಕ ರೂಪ ಕೊಟ್ಟು ಅದು ಪವಿತ್ರ ವಸ್ತುವಾಗಿ ಮಾರ್ಪಡುವುದೆಂದು ನಂಬಿದನು ಎಂಬ ಮಧ್ಯಮ ಮಾರ್ಗವನ್ನು ಸೂಚಿಸಿದ್ದಾರೆ. ಸೂಕ್ಷ್ಮವಾದ ಊಹೆ ಇದು. ಆದರೆ ವಸ್ತುವೇ ಇಲ್ಲದಿರುವಾಗ ಊಹೆಗೆ ಆಧಾರವೂ ಇಲ್ಲ, ಬಾಧೆಯೂ ಇಲ್ಲ.

ಅನುವಾದದ ವಿಧಾನವನ್ನು ಕುರಿತ ಸಾಕ್ಷ್ಯ ಮಾತ್ರ ಗಟ್ಟಿಯಾದುದು. ಸ್ಮಿತ್‌ನ ಪತ್ನಿ ಎಮಾ, ಮಾರ್ಟಿನ್ ಹ್ಯಾರಿಸ್, ಡೇವಿಡ್ ವಿಟ್ಮರ್ ಮೊದಲಾದ ಹತ್ತಿರದವರ ಹೇಳಿಕೆಗಳಂತೆ, ಆತ ಟೋಪಿಯಲ್ಲಿ ಕಲ್ಲನ್ನಿಟ್ಟು ಮುಖ ಹುದುಗಿಸಿ ಗಂಟೆಗಟ್ಟಲೆ ಹೇಳಿ ಬರೆಯಿಸುತ್ತಿದ್ದನು. ಫಲಕಗಳು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿರುತ್ತಿದ್ದವು ಅಥವಾ ಅಲ್ಲಿರುತ್ತಲೇ ಇರಲಿಲ್ಲ. ನಿಧಿ ನೋಡಲು ಬಳಸಿದ ವಿಧಾನವೇ ಇಲ್ಲಿಯೂ ಬಳಕೆಯಾಯಿತು. ಸಭೆಯ ಚಿತ್ರಗಳಲ್ಲಿ ಸ್ಮಿತ್ ಫಲಕಗಳ ಮೇಲೆ ಬೆರಳಿಟ್ಟು ಓದುತ್ತಿರುವಂತೆ ತೋರಿಸುವ ರೂಢಿ ಬಹುಕಾಲ ನಡೆದು, 2015ರಲ್ಲಿ ಸಭೆಯೇ ಆ ಕಲ್ಲಿನ ಛಾಯಾಚಿತ್ರವನ್ನು ಪ್ರಕಟಿಸಿತು. 1828ರ ಬೇಸಗೆಯಲ್ಲಿ ಹ್ಯಾರಿಸ್‌ನ ಕೈಯಲ್ಲಿ 116 ಪುಟಗಳು ಕಳೆದುಹೋದ ಪ್ರಸಂಗವೂ ಇಲ್ಲಿ ಗಮನಾರ್ಹ. ಕಲ್ಲು ಪದಶಃ ಪಾಠವನ್ನು ಕೊಡುತ್ತಿದ್ದರೆ ಅದೇ ಪುಟಗಳನ್ನು ಮತ್ತೆ ಹೇಳಿ ಬರೆಯಿಸಬಹುದಿತ್ತು. ಸ್ಮಿತ್ ಹಾಗೆ ಮಾಡಲಿಲ್ಲ. ಕದ್ದವರು ಮೂಲವನ್ನು ತಿದ್ದಿ ತನ್ನನ್ನು ಸಿಕ್ಕಿಸುವರೆಂದು ದೈವೀ ಪ್ರಕಟನೆಯಾಯಿತು. ಅದೇ ಕಾಲಾವಧಿಯನ್ನು ಹೇಳುವ ಇನ್ನೊಂದು ಫಲಕಸಮೂಹ, ಈ ಆಪತ್ತನ್ನು ಮುಂಗಂಡೇ ಪ್ರಾಚೀನ ಲೇಖಕನು ಸೇರಿಸಿಟ್ಟದ್ದು, ಆ ಜಾಗವನ್ನು ತುಂಬಿತು.

1830ರ ಮಾರ್ಚ್‌ನಲ್ಲಿ ಪಾಲ್ಮೈರಾದ ಗ್ರಾಂಡಿನ್ ಮುದ್ರಣಾಲಯದಿಂದ 5000 ಪ್ರತಿಗಳಲ್ಲಿ ಹೊರಬಂದ ಗ್ರಂಥವನ್ನು ಪಠ್ಯವಾಗಿ ಪರಿಶೀಲಿಸಿದರೆ ಮೊದಲಿಗೆ ಕಣ್ಣಿಗೆ ಬೀಳುವುದು ಬೈಬಲಿನ ಉದ್ಧರಣೆಗಳು. ಕಥೆಯ ಪ್ರಕಾರ ಲೀಹೈ ಎಂಬವನ ಕುಟುಂಬವು ಕ್ರಿ.ಪೂ. 600ರ ಸುಮಾರಿಗೆ ಯೆರೂಸಲೇಮನ್ನು ಬಿಟ್ಟು ಅಮೆರಿಕಕ್ಕೆ ಹೊರಡುತ್ತದೆ, ಶಾಸ್ತ್ರಗಳಿದ್ದ ಹಿತ್ತಾಳೆಯ ಫಲಕಗಳನ್ನು ಜೊತೆಗೊಯ್ಯುತ್ತದೆ. ಆದರೆ ಗ್ರಂಥವು ಯೆಶಾಯನ 48ರಿಂದ 54ರವರೆಗಿನ ಅಧ್ಯಾಯಗಳನ್ನು ಬಹುಮಟ್ಟಿಗೆ ಇಡಿಯಾಗಿ ಬಳಸುತ್ತದೆ. ಈ ಅಧ್ಯಾಯಗಳು ಬಾಬಿಲೋನಿನ ಸೆರೆವಾಸದ ಕಾಲದವು, ಅಂದರೆ ಕ್ರಿ.ಪೂ. 586ರಲ್ಲಿ ಯೆರೂಸಲೇಮ್ ನಾಶವಾದ ನಂತರದವು ಎಂಬುದು ಬೈಬಲ್ ಸಂಶೋಧನೆಯಲ್ಲಿ ವ್ಯಾಪಕವಾಗಿ ಒಪ್ಪಿತವಾದ ನಿರ್ಣಯ. ಇನ್ನೂ ಸ್ಪಷ್ಟವಾದ ಸುಳಿವು ಪರ್ವತ ಪ್ರಸಂಗದಲ್ಲಿದೆ. ಪುನರುತ್ಥಾನದ ಬಳಿಕ ಕ್ರಿಸ್ತನು ಅಮೆರಿಕದಲ್ಲಿ ಅದನ್ನು ಮತ್ತೆ ಬೋಧಿಸಿದನೆಂದು ಗ್ರಂಥ ಹೇಳುತ್ತದೆ. ಆ ಪಾಠವು 1611ರ ಇಂಗ್ಲಿಷ್ ಬೈಬಲಿನ ನುಡಿಯನ್ನೇ ಬಹುತೇಕ ಹಿಂಬಾಲಿಸುತ್ತದೆ. ಮತ್ತಾಯನ ಅತಿ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಕರ್ತನ ಪ್ರಾರ್ಥನೆಯ ಕೊನೆಯ ಸ್ತುತಿವಾಕ್ಯವಿಲ್ಲ. ಅದು ಮುಂದಿನ ಲಿಪಿಕಾರರ ಪ್ರಕ್ಷೇಪ. 1611ರ ಬೈಬಲು ತಡವಾದ ಪ್ರತಿಗಳನ್ನು ಆಧರಿಸಿದ್ದರಿಂದ ಆ ವಾಕ್ಯ ಅದರಲ್ಲಿದೆ. ಮಾರ್ಮನ್ ಗ್ರಂಥದಲ್ಲಿಯೂ ಇದೆ. ಗ್ರಂಥಸಂಪಾದನೆಯ ಪ್ರಾಥಮಿಕ ತತ್ತ್ವ ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಎರಡು ಪ್ರತಿಗಳು ಒಂದೇ ತಪ್ಪನ್ನು ಹಂಚಿಕೊಂಡಿದ್ದರೆ ಅವು ಒಂದೇ ಮೂಲದಿಂದ ಬಂದವು.

ಕುದುರೆ, ಉಕ್ಕು, ರೇಷ್ಮೆ, ಗೋಧಿಗಳನ್ನು ಕುರಿತ ಕಾಲವಿರೋಧಗಳು ಈಗ ಎಲ್ಲರಿಗೂ ತಿಳಿದಿರುವುದರಿಂದ ಅವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1831ರಷ್ಟು ಹಿಂದೆಯೇ ಅಲೆಕ್ಸಾಂಡರ್ ಕ್ಯಾಂಬೆಲ್ ಮಾಡಿದ ಟೀಕೆ ಅದಕ್ಕಿಂತ ಬೆಲೆಯುಳ್ಳದ್ದು. ಶಿಶುದೀಕ್ಷೆ, ತ್ರಿತ್ವ, ಪಾಪಕ್ಷಮೆ, ಫ್ರೀಮೇಸನ್ ಸಂಘಟನೆ ಮೊದಲಾಗಿ ಹಿಂದಿನ ಹತ್ತು ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿ ಚರ್ಚೆಗೊಳಗಾದ ಪ್ರತಿಯೊಂದು ವಿವಾದಕ್ಕೂ ಈ ಪ್ರಾಚೀನ ಗ್ರಂಥವು ತೀರ್ಪು ಕೊಡುತ್ತದೆಂದು ಅವನು ತೋರಿಸಿದನು. ಸ್ಮಿತ್‌ನ ತಾಯಿ ಲೂಸಿಯ 1853ರಲ್ಲಿ ಮುದ್ರಿತವಾದ ನೆನಪುಗಳಲ್ಲಿ ಆಕೆಯ ಪತಿ ಕಂಡ ಕನಸೊಂದಿದೆ. ಫಲಭರಿತ ವೃಕ್ಷ, ಹೊಳೆ, ದಡದ ಹಗ್ಗ, ಅಪಹಾಸ್ಯ ಮಾಡುವ ಜನರಿಂದ ತುಂಬಿದ ಎತ್ತರದ ಕಟ್ಟಡದ ಆ ಕನಸು ಗ್ರಂಥದಲ್ಲಿ ಲೀಹೈಯ ದರ್ಶನವಾಗಿ ಬಂದಿದೆ. ಕನಸು ಗ್ರಂಥವನ್ನು ರೂಪಿಸಿತೋ ಗ್ರಂಥವು ತಾಯಿಯ ನೆನಪನ್ನು ರೂಪಿಸಿತೋ ಎಂಬುದು ಚರ್ಚಾಸ್ಪದ. ಎರಡರಲ್ಲಿ ಯಾವುದಾದರೂ ಮನೆಯ ಮಾತು ಶಾಸ್ತ್ರದೊಡನೆ ಬೆರೆತಿರುವುದು ನಿಶ್ಚಿತ. ಗ್ರಂಥದಲ್ಲಿ ಹೀಬ್ರೂ ಕಾವ್ಯಕ್ಕೆ ಸಹಜವಾದ ವಿಲೋಮ ರಚನೆಗಳಿವೆ ಎಂದು ಜಾನ್ ವೆಲ್ಚ್ 1969ರಲ್ಲಿ ಬರೆದರು. ಆಕರ್ಷಕವಾದ ಶೋಧನೆಯೇ ಸರಿ. ಆದರೆ ಬೈಬಲಿನ ಲಯವನ್ನು ಬಾಲ್ಯದಿಂದ ಕೇಳಿ ಬೆಳೆದವನ ಉಕ್ತಿಯಲ್ಲಿ ಅದರ ಬಂಧಗಳು ಬರುವುದು ಅಸಹಜವಲ್ಲ.

ಈ ತೊಡಕುಗಳನ್ನು ಹೊರಗಿನವರು ಮಾತ್ರ ಕಂಡರೆಂದಲ್ಲ. ಸಭೆಯ ಉನ್ನತಾಧಿಕಾರಿಯೂ ಅದರ ಶ್ರೇಷ್ಠ ಇತಿಹಾಸಕಾರನೂ ಆಗಿದ್ದ ಬಿ.ಎಚ್. ರಾಬರ್ಟ್ಸ್ 1922ರಲ್ಲಿ ಭಾಷಾವೈವಿಧ್ಯ, ಪ್ರಾಣಿಗಳು, ಲೋಹಗಳ ಪ್ರಶ್ನೆಗಳನ್ನು ತನ್ನ ಸಹಾಧಿಕಾರಿಗಳ ಮುಂದಿಟ್ಟನು. ತೃಪ್ತಿಕರವಾದ ಉತ್ತರ ಬಾರದಿದ್ದಾಗ, 1823ರಲ್ಲಿ ವರ್ಮಾಂಟಿನಲ್ಲಿ ಪ್ರಕಟವಾದ ಈಥನ್ ಸ್ಮಿತ್ ಎಂಬ ಪಾದ್ರಿಯ ಪುಸ್ತಕವನ್ನು ಮಾರ್ಮನ್ ಗ್ರಂಥದೊಡನೆ ಹೋಲಿಸಿದನು. ಅಮೆರಿಕದ ಮೂಲನಿವಾಸಿಗಳು ಇಸ್ರಾಯೇಲಿನ ವಂಶಜರೆಂದು ವಾದಿಸುವ ಆ ಪುಸ್ತಕದಿಂದ ಚೌಕಟ್ಟು ಬಂದಿರಬಹುದೆಂಬ ಸಂಭವವನ್ನು ತಪ್ಪಿಸದೆ ಬರೆದಿಟ್ಟನು. ರಾಬರ್ಟ್ಸ್ 1933ರಲ್ಲಿ ಸಭೆಯ ನಿಷ್ಠಾವಂತ ಸದಸ್ಯನಾಗಿಯೇ ತೀರಿಕೊಂಡ. ಬರಹ ಮುದ್ರಣ ಕಂಡದ್ದು 1985ರಲ್ಲಿ. ನಂಬಿಕೆಯುಳ್ಳವನು ಕೇಳಿದ ಪ್ರಶ್ನೆ ಹೀಗೆ ಅರವತ್ತು ವರ್ಷ ಪೆಟ್ಟಿಗೆಯಲ್ಲಿ ಉಳಿದ ನಡುವಿನ ಅವಧಿಯಲ್ಲಿ ಬ್ರೋಡಿ 1946ರಲ್ಲಿ ಬಹಿಷ್ಕೃತರಾದರು. 1993ರಲ್ಲಿ ಮೈಕೇಲ್ ಕ್ವಿನ್ ಸೇರಿದಂತೆ ಆರು ಮಂದಿ ಬರಹಗಾರರ ಮೇಲೆ ಒಂದೇ ತಿಂಗಳಲ್ಲಿ ಶಿಸ್ತುಕ್ರಮ ನಡೆಯಿತು. ಇನ್ನೊಂದೆಡೆ, ಗ್ರಂಥದ 1981ರ ಮುನ್ನುಡಿಯು ಅಮೆರಿಕದ ಮೂಲನಿವಾಸಿಗಳಿಗೆ ಲೇಮನೈಟರೇ ಪ್ರಧಾನ ಪೂರ್ವಜರೆಂದು ಹೇಳಿತ್ತು. ಅವರ ಮೂಲ ಏಷ್ಯಾದಲ್ಲಿದೆಯೆಂದು ವಂಶವಾಹಿ ಸಂಶೋಧನೆ ಖಚಿತಪಡಿಸಿದ ಮೇಲೆ, 2006ರ ಡಬಲ್‌ಡೇ ಮುದ್ರಣದಲ್ಲಿ ಅದು ಪೂರ್ವಜರಲ್ಲಿ ಅವರೂ ಇದ್ದರು ಎಂಬಲ್ಲಿಗೆ ಇಳಿಯಿತು. ಶಾಪಗ್ರಸ್ತ ಇಸ್ರಾಯೇಲರ ಸಂತತಿಯೆಂದು ಹೇಳಿಸಿಕೊಂಡು ಮತಾಂತರಗೊಂಡ ಮೂಲನಿವಾಸಿ ಕುಟುಂಬಗಳಿಗೆ ಒಂದು ಪದದ ಆ ತಿದ್ದುಪಡಿ ಸಣ್ಣದಾಗಿರಲಿಲ್ಲ.

ಆದರೂ ಮಾರ್ಮನ್ ಗ್ರಂಥದ ವಿಷಯದಲ್ಲಿ ಮೂಲವಿಲ್ಲ. ಅಬ್ರಹಾಮನ ಗ್ರಂಥದ ವಿಷಯದಲ್ಲಿ ಇದೆ. 1835ರ ಜುಲೈನಲ್ಲಿ ಮೈಕೇಲ್ ಚ್ಯಾಂಡ್ಲರ್ ಎಂಬ ಪ್ರದರ್ಶಕ ನಾಲ್ಕು ಈಜಿಪ್ಟಿನ ಮಮ್ಮಿಗಳನ್ನೂ ಕೆಲವು ಪಪೈರಸ್ ಸುರುಳಿಗಳನ್ನೂ ಕರ್ಟ್‌ಲೆಂಡಿಗೆ ತಂದನು. 2400 ಡಾಲರಿಗೆ ಕೊಂಡ ಆ ಸುರುಳಿಗಳಲ್ಲಿ ಅಬ್ರಹಾಮನ ಬರಹವಿದೆಯೆಂದು ಸ್ಮಿತ್ ಸಾರಿದನು. 1842ರಲ್ಲಿ ಪಠ್ಯವು ಮೂರು ಪ್ರತಿಚಿತ್ರಗಳೊಡನೆ, ಚಿತ್ರದ ಪ್ರತಿ ಅಂಶಕ್ಕೂ ಸ್ಮಿತ್‌ನ ವಿವರಣೆಯೊಡನೆ, ಅಚ್ಚಾಯಿತು. ಶಾಂಪೋಲಿಯನ್ 1822ರಲ್ಲಿಯೇ ಚಿತ್ರಲಿಪಿಯ ರಹಸ್ಯವನ್ನು ಬಿಡಿಸಿದ್ದರೂ ಅದನ್ನು ಓದಬಲ್ಲವರು ಅಮೆರಿಕದಲ್ಲಿ ಆಗ ಇರಲಿಲ್ಲ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದ ಥಿಯೋಡ್ಯೂಲ್ ದೆವೇರಿಯಾ ಅವರ ಪರಿಶೀಲನೆ 1860ರಲ್ಲಿ ಪ್ರಕಟವಾದಾಗಲೇ ಚಿತ್ರಗಳು ಸಾಮಾನ್ಯ ಶವಸಂಸ್ಕಾರದವೆಂದು ತಿಳಿಯಿತು. 1912ರಲ್ಲಿ ಬಿಷಪ್ ಸ್ಪಾಲ್ಡಿಂಗ್ ಸಂಗ್ರಹಿಸಿದ ಅಭಿಪ್ರಾಯಗಳಲ್ಲಿ ಫ್ಲಿಂಡರ್ಸ್ ಪೆಟ್ರಿ, ಬ್ರೆಸ್ಟೆಡ್ ಅವರಂಥ ವಿದ್ವಾಂಸರೂ ಇದನ್ನೇ ಹೇಳಿದರು. 1871ರ ಶಿಕಾಗೋ ಬೆಂಕಿಯಲ್ಲಿ ಸುರುಳಿಗಳೆಲ್ಲ ಸುಟ್ಟುಹೋದವೆಂಬ ನಂಬಿಕೆ ಇದ್ದುದರಿಂದ ವಾದ ಅಲ್ಲಿಗೆ ನಿಂತಿತ್ತು. 1967ರ ನವೆಂಬರ್ 27ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು ಉಳಿದುಬಂದ ತುಣುಕುಗಳನ್ನು ಸಭೆಗೆ ಒಪ್ಪಿಸಿತು. ಅವುಗಳಲ್ಲಿ ಮೊದಲ ಪ್ರತಿಚಿತ್ರದ ಮೂಲವೇ ಇತ್ತು.

ಶಿಕಾಗೋ ವಿಶ್ವವಿದ್ಯಾಲಯದ ಕ್ಲಾಸ್ ಬೇರ್ 1968ರಲ್ಲಿ ಪ್ರಕಟಿಸಿದ ಅನುವಾದದಂತೆ ಅದು ಹೋರ್ ಎಂಬ ಅರ್ಚಕನ ಶವದೊಡನೆ ಇಡಲು ಬರೆದ, ಸತ್ತವನಿಗೆ ಪರಲೋಕದಲ್ಲಿ ಉಸಿರು ದೊರೆಯಲೆಂದು ಹಾರೈಸುವ ಪಠ್ಯ. ಟಾಲೆಮಿ ಅರಸರ ಕಾಲದ್ದು, ಅಬ್ರಹಾಮನ ಕಾಲವೆಂದು ಹೇಳಲಾಗುವುದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು. ಅಬ್ರಹಾಮನ ಹೆಸರು ಅದರಲ್ಲಿಲ್ಲ. ಯಜ್ಞವೇದಿಕೆಯ ಮೇಲೆ ಅಬ್ರಹಾಮನನ್ನು ಬಲಿಕೊಡಲು ನಿಂತ ಪೂಜಾರಿಯೆಂದು ಸ್ಮಿತ್ ವಿವರಿಸಿದ ಚಿತ್ರದಲ್ಲಿರುವುದು ಒಸಿರಿಸನ ಶವಮಂಚ ಮತ್ತು ಅನುಬಿಸ್. ಸ್ಮಿತ್‌ನ ಕಾಲದ ಹಸ್ತಪ್ರತಿಗಳಲ್ಲಿ ಇಂಗ್ಲಿಷ್ ಪಠ್ಯದ ಅಂಚಿನಲ್ಲಿ ಈಜಿಪ್ಟಿನ ಅಕ್ಷರಗಳನ್ನು ಸಾಲಾಗಿ ಬರೆದಿದೆ. ಅವು ಈ ಚಿತ್ರಕ್ಕೆ ಹೊಂದಿಕೊಂಡಿರುವ ತುಣುಕಿನಿಂದಲೇ ತೆಗೆದವು. ನಿಜವಾದ ಮೂಲ ಕಳೆದುಹೋದ ಭಾಗದಲ್ಲಿತ್ತು, ಅಕ್ಷರಗಳನ್ನು ಲಿಪಿಕಾರರು ಆಮೇಲೆ ಸೇರಿಸಿದರು ಎಂಬ ಸಮಾಧಾನಗಳನ್ನು ಈ ಹಸ್ತಪ್ರತಿಗಳೊಡನೆ ಹೊಂದಿಸುವುದು ಕಷ್ಟ. 1843ರ ಕಿಂಡರ್‌ಹುಕ್ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಹಳ್ಳಿಗರು ತಾವೇ ಕೊರೆದು ಹೂತಿಟ್ಟು ಅಗೆದು ತೆಗೆದ ಆರು ಹಿತ್ತಾಳೆಯ ಫಲಕಗಳನ್ನು ನೋಡಿ, ಅದು ಹಾಮನ ವಂಶಜನೊಬ್ಬನ ಚರಿತ್ರೆಯೆಂದು ಸ್ಮಿತ್ ಒಂದು ಭಾಗವನ್ನು ಅನುವಾದಿಸಿದನೆಂದು ಆತನ ಲಿಪಿಕಾರ ವಿಲಿಯಂ ಕ್ಲೇಟನ್‌ನ ದಿನಚರಿ ಹೇಳುತ್ತದೆ. ಉಳಿದ ಒಂದು ಫಲಕವು ಹತ್ತೊಂಬತ್ತನೆಯ ಶತಮಾನದ್ದೆಂದು 1980ರ ಲೋಹಪರೀಕ್ಷೆಯಿಂದ ದೃಢಪಟ್ಟಿತು.

ಇತ್ತೀಚಿನ ಸಮರ್ಥನೆ ಬೇರೊಂದು ದಾರಿ ಹಿಡಿದಿದೆ. ಉಳಿದ ತುಣುಕುಗಳ ಬರಹಕ್ಕೂ ಅಬ್ರಹಾಮನ ಗ್ರಂಥಕ್ಕೂ ಹೊಂದಾಣಿಕೆಯಿಲ್ಲವೆಂದು 2014ರಲ್ಲಿ ಸಭೆ ಪ್ರಕಟಿಸಿದ ಪ್ರಬಂಧವೇ ಒಪ್ಪುತ್ತದೆ. ಸುರುಳಿಗಳು ಪ್ರೇರಣೆಗೆ ನಿಮಿತ್ತವಾಗಿದ್ದಿರಬಹುದು, ಸ್ಮಿತ್‌ನ ಮಟ್ಟಿಗೆ ಅನುವಾದವೆಂದರೆ ಭಾಷಾಂತರವಲ್ಲ, ದೈವೀ ಪ್ರಕಟನೆ ಎಂಬ ಸಂಭವವನ್ನು ಮುಂದಿಡುತ್ತದೆ. ರಿಚರ್ಡ್ ಬುಶ್‌ಮನ್ ಅವರ 2005ರ ಜೀವನಚರಿತ್ರೆಯೂ ಈ ದಿಕ್ಕಿನಲ್ಲಿ ಸಹಾನುಭೂತಿಯಿಂದ ಯೋಚಿಸುತ್ತದೆ. ಸಂಶೋಧನೆಯ ದೃಷ್ಟಿಯಿಂದ ಈ ಪ್ರಾಮಾಣಿಕತೆ ಸ್ವಾಗತಾರ್ಹ. ಆದರೆ ಇದರ ಬೆಲೆಯನ್ನು ಲೆಕ್ಕ ಹಾಕಬೇಕು. ಸ್ಮಿತ್ ತನ್ನ ಕಾಲದ ಇತರ ದರ್ಶನಕಾರರಿಂದ ಬೇರೆಯಾದದ್ದು ತನ್ನ ಬೆಳಕಿನಿಂದಲ್ಲ, ತನ್ನ ವಸ್ತುಗಳಿಂದ. ಫಲಕಗಳ ಅಕ್ಷರಗಳ ನಕಲನ್ನು 1828ರಲ್ಲಿ ಹ್ಯಾರಿಸ್‌ನ ಕೈಯಲ್ಲಿ ನ್ಯೂಯಾರ್ಕಿನ ಪಂಡಿತ ಚಾರ್ಲ್ಸ್ ಆಂಥನ್‌ನ ಬಳಿಗೆ ಒಯ್ಯಿಸಿದ್ದು, ಸಾಕ್ಷಿಗಳಿಂದ ಸಹಿ ಹಾಕಿಸಿದ್ದು, ಈಜಿಪ್ಟಿನ ಭಾಷೆಗೆ ವ್ಯಾಕರಣ ಬರೆಯಿಸತೊಡಗಿದ್ದು, ಚಿತ್ರಗಳನ್ನು ಅಚ್ಚುಹಾಕಿಸಿ ಲೋಕದ ಮುಂದಿಟ್ಟದ್ದು ಇವೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದಿಸಿದೆನೆಂಬ ಸಾಮಾನ್ಯಾರ್ಥವನ್ನೇ ಆಧರಿಸಿದ ನಡೆಗಳು. ಜನರು ನಂಬಿದ್ದು, ಮನೆಮಾರು ಬಿಟ್ಟು ಹಿಂಬಾಲಿಸಿದ್ದು, ಆ ಅರ್ಥವನ್ನು ನಂಬಿಯೇ. ಪದದ ಅರ್ಥವನ್ನು ಈಗ ಬದಲಿಸಿದರೆ ಗ್ರಂಥವು ಧ್ಯಾನದ ಪಠ್ಯವಾಗಿ ಉಳಿಯಬಹುದು; ಪ್ರಾಚೀನತೆಯ ಸಾಕ್ಷ್ಯವಾಗಿ ಉಳಿಯದು.

2008ರಿಂದ 2023ರವರೆಗೆ ಸಂಪುಟಗಳಾಗಿ ಹೊರಬಂದ ಜೋಸೆಫ್ ಸ್ಮಿತ್ ದಾಖಲೆಗಳ ಯೋಜನೆಯು, ಕತ್ತರಿಸಿ ಅಂಟಿಸಿದ 1832ರ ಹಾಳೆಗಳಿಂದ ಹಿಡಿದು ಅಬ್ರಹಾಮನ ಹಸ್ತಪ್ರತಿಗಳವರೆಗೆ ಎಲ್ಲವನ್ನೂ ಸಭೆಯ ಖರ್ಚಿನಲ್ಲಿಯೇ, ಸಂಪಾದನಾಶಾಸ್ತ್ರದ ಉನ್ನತ ಮಟ್ಟದಲ್ಲಿ ಮುಂದಿಟ್ಟಿದೆ. ಧರ್ಮಗ್ರಂಥದ ಮುದ್ರಣಗಳು ಮಾತ್ರ ಆ ಜಾಡಿನಲ್ಲಿ ಇನ್ನೂ ನಡೆದಿಲ್ಲ. ಸತ್ತ ಹೋರ್‌ನನ್ನು ಒಸಿರಿಸನ ಮುಂದೆ ತಂದು ನಿಲ್ಲಿಸುವ ಮೂರನೆಯ ಪ್ರತಿಚಿತ್ರದಲ್ಲಿ ಸಿಂಹಾಸನದ ಹಿಂದೆ ನಿಂತಿರುವವಳು ಐಸಿಸ್ ದೇವತೆ. ಚಿತ್ರದ ಕೆಳಗಿನ ವಿವರಣೆಯಲ್ಲಿ ಆಕೆಯನ್ನು ಫರೋಹ ಅರಸನೆಂದೂ, ತಲೆಯ ಮೇಲಿನ ಅಕ್ಷರಗಳಲ್ಲಿ ಆ ಅರಸನ ಹೆಸರಿದೆಯೆಂದೂ 1842ರಲ್ಲಿ ಅಚ್ಚಾದಂತೆಯೇ ಇಂದಿಗೂ ಅಚ್ಚಾಗುತ್ತಿದೆ.